ಬಟನ್ ಒತ್ತಿದವರಷ್ಟೇ ಹೊಣೆಗಾರರಲ್ಲ

2025ರ ಅಕ್ಟೋಬರ್ 1ರಿಂದ ನಮ್ಮ ಮೊಬೈಲುಗಳ ಯುಪಿಐ ವ್ಯವಸ್ಥೆಯಲ್ಲಿ ಒಂದು ಸೌಲಭ್ಯ ಇಲ್ಲವಾಯಿತು. ಒಬ್ಬರು ಇನ್ನೊಬ್ಬರಿಗೆ ‘ನನಗೆ ಇಷ್ಟು ಹಣ ಕೊಡಿ’ ಎಂದು ಆ್ಯಪ್‌ನಲ್ಲೇ ಕೋರಿಕೆ ಕಳಿಸುವ ‘ಕಲೆಕ್ಟ್ ರಿಕ್ವೆಸ್ಟ್’ ಅದು. ಅದನ್ನು ತೆಗೆದ ಆದೇಶ ವ್ಯಾಪಾರಿಗಳಿಗೆ ಮಾಡುವ ಪಾವತಿಯನ್ನು ಮುಟ್ಟಲಿಲ್ಲ. ವ್ಯಕ್ತಿಯಿಂದ ವ್ಯಕ್ತಿಗೆ ಹೋಗುತ್ತಿದ್ದ ಕೋರಿಕೆಗಳನ್ನಷ್ಟೇ ನಿಲ್ಲಿಸಿತು. ದಿನಕ್ಕೆ ಹತ್ತು ಸಲ ಫೋನ್‌ಪೇ ಮಾಡುವವರಲ್ಲೂ ಈ ಸೌಲಭ್ಯದ ಹೆಸರು ಕೇಳದವರು ಬಹಳ ಮಂದಿ. ಆದರೆ ವಂಚಕರಿಗೆ ಅದರ ಒಳಹೊರಗು ಚೆನ್ನಾಗಿ ಗೊತ್ತಿತ್ತು.

ಅವರು ಅದನ್ನು ಬಳಸುತ್ತಿದ್ದ ಬಗೆ ಹೀಗೆ. ಮನೆಯಲ್ಲಿರುವ ಹಳೆಯ ಮಂಚವನ್ನು ಮಾರಬೇಕೆಂದು ನೀವು ಜಾಲತಾಣದಲ್ಲಿ ಜಾಹೀರಾತು ಹಾಕುತ್ತೀರಿ. ಸ್ವಲ್ಪ ಹೊತ್ತಿನಲ್ಲೇ ಕರೆ ಬರುತ್ತದೆ. ಆತ ಸೈನಿಕನೆಂದು ಹೇಳಿಕೊಳ್ಳುತ್ತಾನೆ, ನಿಮ್ಮ ಊರಿಗೆ ವರ್ಗವಾಗಿದೆ ಎನ್ನುತ್ತಾನೆ, ಚೌಕಾಸಿ ಮಾಡದೆ ಹೇಳಿದ ಬೆಲೆಗೆ ಒಪ್ಪುತ್ತಾನೆ. ‘ಈಗಲೇ ಅಡ್ವಾನ್ಸ್ ಹಾಕ್ತೀನಿ. ನಿಮ್ಮ ಮೊಬೈಲಿಗೆ ಒಂದು ಮೆಸೇಜ್ ಬರುತ್ತೆ, ಅದನ್ನು ಒಪ್ಪಿಕೊಂಡು ಪಿನ್ ಹಾಕಿ, ದುಡ್ಡು ನಿಮ್ಮ ಖಾತೆಗೆ ಬಂದುಬಿಡುತ್ತೆ’ ಎನ್ನುತ್ತಾನೆ. ಬಂದದ್ದು ಹಣವಲ್ಲ, ಹಣದ ಕೋರಿಕೆ. ಪಿನ್ ಒತ್ತಿದ ಕ್ಷಣವೇ ನಿಮ್ಮ ಖಾತೆಯಿಂದ ಆ ಮೊತ್ತ ಅವನ ಖಾತೆಗೆ ಹೋಗಿರುತ್ತದೆ. ‘ಅಯ್ಯೋ, ಏನೋ ತಪ್ಪಾಯಿತು, ವಾಪಸ್ ಹಾಕ್ತೀನಿ, ಇನ್ನೊಮ್ಮೆ ಪಿನ್ ಹಾಕಿ’ ಎಂದು ಎರಡನೇ ಸಲವೂ ಕೀಳುವವರಿದ್ದರು.

ಇದಕ್ಕೆ ವರ್ಷಗಟ್ಟಲೆ ನಮಗೆ ಸಿಕ್ಕ ಮದ್ದು ಎಚ್ಚರಿಕೆ. ‘ಹಣ ಪಡೆಯಲು ಪಿನ್ ಬೇಕಿಲ್ಲ’ ಎಂದು ಬ್ಯಾಂಕುಗಳು ಎಸ್ಸೆಮ್ಮೆಸ್ ಕಳಿಸಿದವು. ರಿಸರ್ವ್ ಬ್ಯಾಂಕ್ ಜಾಹೀರಾತು ಕೊಟ್ಟಿತು. ಪೊಲೀಸರು ಕಾಲೇಜುಗಳಿಗೆ ಹೋಗಿ ಭಾಷಣ ಮಾಡಿದರು. ಈ ಯಾವುದೂ ವ್ಯರ್ಥವಲ್ಲ. ಆ ಮಾತಿನಿಂದ ಎಷ್ಟೋ ಜನರ ಹಣ ಉಳಿದಿರುತ್ತದೆ. ಆದರೆ ಎಚ್ಚರಿಕೆಯ ಜೊತೆಗೆ ಒಂದು ತೀರ್ಪೂ ನಮ್ಮ ಮಾತಿನೊಳಗೆ ಸೇರಿಕೊಂಡಿತು. ಹಣ ಕಳೆದುಕೊಂಡವರ ಸುದ್ದಿ ಓದಿದಾಗ ‘ಇಷ್ಟು ಹೇಳಿದರೂ ಗೊತ್ತಾಗಲ್ವಾ’ ಎನ್ನುವುದು ಅಭ್ಯಾಸವಾಯಿತು. ವ್ಯಕ್ತಿಗಳ ನಡುವಿನ ಕೋರಿಕೆಗೆ ಆಗಲೇ 2,000 ರೂಪಾಯಿಯ ಮಿತಿ ಇತ್ತು. ಕೊನೆಗೆ ಯುಪಿಐ ನಡೆಸುವ ರಾಷ್ಟ್ರೀಯ ಪಾವತಿ ನಿಗಮ 2025ರ ಜುಲೈನಲ್ಲಿ ಆದೇಶ ಹೊರಡಿಸಿ ಆ ದಾರಿಯನ್ನೇ ಮುಚ್ಚಿತು. ಅಲ್ಲಿಂದಾಚೆ ಕಲೆಕ್ಟ್ ರಿಕ್ವೆಸ್ಟ್ ಬಗ್ಗೆ ಗೊತ್ತಿರುವವರಿಗೂ ಗೊತ್ತಿಲ್ಲದವರಿಗೂ ಸಿಕ್ಕ ರಕ್ಷಣೆ ಒಂದೇ.

ಈ ಅಂಕಣದಲ್ಲಿ ನಾನು ಹೇಳಬೇಕೆಂದಿರುವುದು ಅದರ ಸುತ್ತಲೇ ಇದೆ. ಡಿಜಿಟಲ್ ವೇದಿಕೆಗಳ ‘ಜವಾಬ್ದಾರಿಯುತ ಬಳಕೆ’ ಎಂದಾಗ ನಾವು ಬಳಸುವವರ ಕಡೆಗೇ ಬೆರಳು ತೋರಿಸುತ್ತೇವೆ. ಬಳಸುವವರಿಗೆ ಹೊಣೆ ಇದೆ, ಅದನ್ನು ಮುಂದೆ ಹೇಳುತ್ತೇನೆ. ಆದರೆ ಹೊಣೆಯ ಮೊದಲ ಪಾಲು ಆ ಪರದೆಯನ್ನು ರೂಪಿಸಿದವರದ್ದು, ಎರಡನೆಯದು ಅದನ್ನು ದಿನನಿತ್ಯ ನಡೆಸುವವರದ್ದು. ಶಾಲೆಯ ಮುಂದಿನ ರಸ್ತೆಯಲ್ಲಿ ‘ನಿಧಾನವಾಗಿ ಚಲಿಸಿ’ ಎಂಬ ಫಲಕವೂ ಇರುತ್ತದೆ, ಹಂಪ್ ಕೂಡ ಇರುತ್ತದೆ. ಫಲಕವಷ್ಟೇ ಇದ್ದರೆ ಅದನ್ನು ಓದಿದ ಸಜ್ಜನನಿಂದ ಮಾತ್ರ ಮಗುವಿಗೆ ರಕ್ಷಣೆ ಸಿಗುತ್ತದೆ. ಹಂಪ್ ಇದ್ದರೆ ಓದದವನೂ ನಿಧಾನಿಸಲೇಬೇಕು. ಡಿಜಿಟಲ್ ಜಗತ್ತಿನಲ್ಲಿ ನಾವು ಫಲಕಗಳನ್ನು ಧಾರಾಳವಾಗಿ ನೆಟ್ಟಿದ್ದೇವೆ, ಹಂಪ್ ಹಾಕಲು ಮೀನಮೇಷ ಎಣಿಸಿದ್ದೇವೆ.

ಎಚ್ಚರಿಕೆ ಯಾಕೆ ಸಾಲದು ಎಂಬುದಕ್ಕೆ ಸಣ್ಣ ಲೆಕ್ಕ ಸಾಕು. 2016ರ ಏಪ್ರಿಲ್‌ನಲ್ಲಿ ಪ್ರಾಯೋಗಿಕವಾಗಿ ಶುರುವಾದ ಯುಪಿಐನಲ್ಲಿ 2025ರ ಆಗಸ್ಟ್ ಒಂದೇ ತಿಂಗಳಲ್ಲಿ 2,000 ಕೋಟಿಗೂ ಹೆಚ್ಚು ವಹಿವಾಟುಗಳು ನಡೆದವು. ಜನ ಒಂದು ಲಕ್ಷ ಸಲ ಒತ್ತಿದಾಗ ಒಂದೇ ಒಂದು ಸಲ ಎಡವುತ್ತಾರೆ ಎಂದಿಟ್ಟುಕೊಳ್ಳಿ. ಅಂಥ ಎಚ್ಚರ ಯಾವ ದೇಶದ ಪ್ರಜೆಗಳಲ್ಲೂ ಇರಲಿಕ್ಕಿಲ್ಲ. ಹಾಗಿದ್ದರೂ ತಿಂಗಳಿಗೆ ಎರಡು ಲಕ್ಷ ಎಡವಟ್ಟುಗಳಾಗುತ್ತವೆ. ಬಸ್ಸಿನಲ್ಲಿ ನಿಂತು, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು, ಸಂತೆಯ ಗದ್ದಲದಲ್ಲಿ, ಕನ್ನಡಕ ಮರೆತು ಬಂದ ದಿನ, ಆಸ್ಪತ್ರೆಯ ಕೌಂಟರಿನ ಮುಂದೆ ಆತಂಕದಲ್ಲಿ ನಾವು ಮೊಬೈಲ್ ಬಳಸುತ್ತೇವೆ. ಸದಾ ಎಚ್ಚರವಾಗಿರುವ, ಎಲ್ಲ ಭಾಷೆ ಬಲ್ಲ, ಪ್ರತಿ ಸಾಲನ್ನೂ ಓದುವ ಬಳಕೆದಾರ ಎಲ್ಲೂ ಇಲ್ಲ. ಇಲ್ಲದ ಮನುಷ್ಯನಿಗಾಗಿ ರೂಪಿಸಿದ ವ್ಯವಸ್ಥೆ ಇರುವ ಮನುಷ್ಯರನ್ನು ಕಾಯಲಾರದು.

ಯುಪಿಐಯನ್ನು ಹಳಿಯಲು ಈ ಮಾತು ಹೇಳುತ್ತಿಲ್ಲ. ಅದು ವಿನ್ಯಾಸದ ವಿವೇಕಕ್ಕೂ ಒಳ್ಳೆಯ ಉದಾಹರಣೆ. ಗೂಗಲ್ ಪೇ ಇರಲಿ, ಫೋನ್‌ಪೇ ಇರಲಿ, ಭೀಮ್ ಇರಲಿ, ಪಿನ್ ಕೇಳುವ ಪುಟ ಒಂದೇ ತರಹ ಕಾಣುವುದನ್ನು ನೀವು ಗಮನಿಸಿರಬಹುದು. ಆ ಪುಟ ಆ್ಯಪ್ ಕಂಪನಿಯದ್ದಲ್ಲ. ಪಾವತಿ ನಿಗಮ ಕೊಟ್ಟಿರುವ ಸಾಮಾನ್ಯ ತಂತ್ರಾಂಶದ್ದು. ನೀವು ಒತ್ತಿದ ಅಂಕಿಗಳು ಅಲ್ಲೇ ಗೂಢಲಿಪಿಯಾಗಿ ಬ್ಯಾಂಕಿನ ಕಡೆಗೆ ಹೋಗುತ್ತವೆ, ಆ್ಯಪ್‌ಗೆ ಅವು ಕಾಣುವುದಿಲ್ಲ. ಜೊತೆಗೆ ಖಾತೆ ನಿಮ್ಮ ಸಿಮ್ ಮತ್ತು ಮೊಬೈಲಿಗೆ ಬೆಸೆದುಕೊಂಡಿರುತ್ತದೆ. ಪಿನ್ ಕದ್ದವನಿಗೆ ಮೊಬೈಲೂ ಸಿಗಬೇಕು. 2025ರ ಜೂನ್ ಕೊನೆಯ ಹೊತ್ತಿಗೆ ಇನ್ನೊಂದು ನಿಯಮ ಬಂತು. ಹಣ ಪಡೆಯುವವರ ಹೆಸರನ್ನು ಅವರು ಇಟ್ಟುಕೊಂಡ ಅಡ್ಡಹೆಸರಿನಲ್ಲಿ ತೋರಿಸುವಂತಿಲ್ಲ, ಬ್ಯಾಂಕ್ ದಾಖಲೆಯಲ್ಲಿರುವಂತೆಯೇ ತೋರಿಸಬೇಕು ಎಂಬುದು ಅದು. ‘ಕಸ್ಟಮರ್ ಕೇರ್’ ಎಂದು ಹೆಸರಿಟ್ಟುಕೊಂಡು ಮೋಸ ಮಾಡುವವನಿಗೆ ಇದರಿಂದ ಮುಖವಾಡ ತೊಡುವುದು ಕಷ್ಟವಾಯಿತು. ಬಳಕೆದಾರ ಹೊಸದಾಗಿ ಏನನ್ನೂ ಕಲಿಯಬೇಕಾಗಲಿಲ್ಲ.

ಅಂಗಡಿಗಳಲ್ಲಿ ಕೂಗುವ ಸೌಂಡ್ ಬಾಕ್ಸ್ ಕೂಡ ಇದೇ ಜಾತಿಯದ್ದು. ಮೊದಲೆಲ್ಲ ಗಿರಾಕಿ ಮೊಬೈಲ್ ತಿರುಗಿಸಿ ‘ಹಾಕಿದೀನಿ ನೋಡಿ’ ಎಂದು ಹಸಿರು ಟಿಕ್ ತೋರಿಸುತ್ತಿದ್ದ. ಸುಳ್ಳು ಸ್ಕ್ರೀನ್‌ಶಾಟ್ ತೋರಿಸಿ ಹೋಗುವವರೂ ಇದ್ದರು. ಸೊಪ್ಪು ಮಾರುವ ಅಜ್ಜಿಗೆ ಎಸ್ಸೆಮ್ಮೆಸ್ ಓದಿ ತಾಳೆ ನೋಡಲು ಪುರುಸೊತ್ತೂ ಇಲ್ಲ, ಒದ್ದೆ ಕೈಯಲ್ಲಿ ಮೊಬೈಲ್ ಹಿಡಿಯುವುದೂ ಕಷ್ಟ. ಬಂದ ಮೊತ್ತವನ್ನು ಕನ್ನಡದಲ್ಲಿ ಗಟ್ಟಿಯಾಗಿ ಹೇಳುವ ಪುಟ್ಟ ಡಬ್ಬಿ ಅವಳ ಕೈಗೆ ನೇರ ಸಾಕ್ಷ್ಯ ಕೊಟ್ಟಿತು. ಓದು ಬರಹ ಬಾರದವರನ್ನೂ ಲೆಕ್ಕಕ್ಕೆ ತೆಗೆದುಕೊಂಡ ವಿನ್ಯಾಸ ಅದು. ಒಳ್ಳೆಯ ವಿನ್ಯಾಸಕ್ಕೆ ನಾನು ಇಡುವ ಅಳತೆ ಇಷ್ಟೇ: ಅತಿ ಹೆಚ್ಚು ತಿಳಿದವರಿಗೆ ಅದು ಎಷ್ಟು ಸಲೀಸು ಎಂಬುದಕ್ಕಿಂತ, ಅತಿ ಕಡಿಮೆ ತಿಳಿದವರಿಗೆ ಅದು ಎಷ್ಟು ಸುರಕ್ಷಿತ ಎಂಬುದು.

ಹಣದ ವಿಷಯದಲ್ಲಿ ತಡವಾದರೆ ಹೋಗುವುದು ಹಣ. ಮಾತಿನ ವಿಷಯದಲ್ಲಿ ತಡವಾದರೆ ಜೀವವೇ ಹೋದೀತು. ಕರ್ನಾಟಕ ಅದನ್ನು 2018ರಲ್ಲಿ ಎರಡು ಸಲ ಕಂಡಿತು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವದಂತಿ ವಾಟ್ಸ್‌ಆ್ಯಪ್‌ನಲ್ಲಿ ದೇಶದುದ್ದಕ್ಕೂ ಹರಿದಾಡುತ್ತಿದ್ದ ಕಾಲ ಅದು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಒಬ್ಬನನ್ನು ಜನ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ, ಕಾರಿನಲ್ಲಿ ಹೋಗುತ್ತಿದ್ದ ಗೆಳೆಯರ ಗುಂಪೊಂದು ದಾರಿಯಲ್ಲಿ ಶಾಲಾಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಅನುಮಾನಗೊಂಡ ಜನ ಮುತ್ತಿದರು. ಅವರು ಕಾರು ಹತ್ತಿ ಹೊರಟರು. ಆದರೆ ಕಾರಿಗಿಂತ ಮೊದಲು ಸಂದೇಶ ಮುಂದಿನ ಊರು ಮುಟ್ಟಿತ್ತು. ಮುರ್ಕಿ ಗ್ರಾಮದಲ್ಲಿ ರಸ್ತೆಗೆ ಅಡ್ಡ ಹಾಕಿ ಕಾದಿದ್ದ ಜನರ ಕೈಗೆ ಸಿಕ್ಕ ಅವರಲ್ಲಿ ಒಬ್ಬ ಯುವಕ ಪ್ರಾಣ ಬಿಟ್ಟ. ಕಾಪಾಡಲು ಹೋದ ಪೊಲೀಸರಿಗೂ ಗಾಯಗಳಾದವು.

ಆ ದಿನಗಳಲ್ಲಿ ಹರಿದಾಡುತ್ತಿದ್ದ ಒಂದು ವಿಡಿಯೊ ನೆನಪಿಸಿಕೊಳ್ಳಿ. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ನಮ್ಮ ದೇಶದ್ದೂ ಅಲ್ಲ, ನಿಜ ಘಟನೆಯೂ ಅಲ್ಲ. ಮಕ್ಕಳ ಸುರಕ್ಷತೆಯ ಬಗ್ಗೆ ತಿಳಿವಳಿಕೆ ಮೂಡಿಸಲು ಪಾಕಿಸ್ತಾನದ ಕರಾಚಿಯಲ್ಲಿ ಮಾಡಿದ್ದ ಚಿತ್ರ ಅದು. ಕೊನೆಯಲ್ಲಿ ಅವರು ಮಗುವನ್ನು ವಾಪಸ್ ತಂದುಬಿಟ್ಟು, ಸಂದೇಶವಿರುವ ಫಲಕ ಹಿಡಿಯುತ್ತಾರೆ. ಯಾರೋ ಆ ಕೊನೆಯ ತುಣುಕನ್ನು ಕತ್ತರಿಸಿ ಹರಿಯಬಿಟ್ಟರು. ಕತ್ತರಿಸಿದವನು ದುಷ್ಟ, ಅನುಮಾನವಿಲ್ಲ. ಆದರೆ ಅದನ್ನು ಮುಂದಕ್ಕೆ ಕಳಿಸಿದ ಸಾವಿರಾರು ಜನ ದುಷ್ಟರಾಗಿರಲಿಲ್ಲ. ಹೆಚ್ಚಿನವರು ತಂದೆ ತಾಯಂದಿರು, ಅಜ್ಜಿ ತಾತಂದಿರು. ಮೊಮ್ಮಗುವಿನ ಮುಖ ನೆನೆದು ಹೆದರಿದವರು. ಹೆದರಿದ ಮನುಷ್ಯ ಯೋಚಿಸುವ ಮೊದಲೇ ಹತ್ತಾರು ಗುಂಪುಗಳಿಗೆ ಒಂದೇ ಸಲ ಕಳಿಸುವ ಅನುಕೂಲವನ್ನು ಆ ಪರದೆ ಅವರ ಬೆರಳ ತುದಿಗೆ ತಂದಿಟ್ಟಿತ್ತು. ವಿಡಿಯೊ ಪಕ್ಕದಲ್ಲೇ ಬೇಗ ಕಳಿಸಲೆಂದು ಒಂದು ಬಾಣದ ಗುರುತೂ ಇತ್ತು.

ಇಲ್ಲೂ ಮೊದಲು ಬಂದದ್ದು ಎಚ್ಚರಿಕೆಯೇ. 2018ರ ಜುಲೈನಲ್ಲಿ ವಾಟ್ಸ್‌ಆ್ಯಪ್ ಕಂಪನಿ ಭಾರತದ ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಕೊಟ್ಟು ಸುಳ್ಳು ಸುದ್ದಿ ಗುರುತಿಸುವ ಬಗೆ ಹೇಳಿತು. ಅದೇ ತಿಂಗಳು ವಿನ್ಯಾಸಕ್ಕೂ ಕೈ ಹಾಕಿತು. ಬೇರೆಯವರಿಂದ ಬಂದದ್ದನ್ನು ಕಳಿಸಿದರೆ ‘ಫಾರ್ವರ್ಡೆಡ್’ ಎಂಬ ಪಟ್ಟಿ ಕಾಣಿಸತೊಡಗಿತು. ಭಾರತದಲ್ಲಿ ಒಂದು ಸಲಕ್ಕೆ ಐದು ಚಾಟ್‌ಗಳಿಗೆ ಮಾತ್ರ ಫಾರ್ವರ್ಡ್ ಮಾಡಬಹುದು ಎಂಬ ಮಿತಿ ಬಂತು. ಆ ಬಾಣದ ಗುರುತು ಹೋಯಿತು. 2019ರ ಜನವರಿಯಲ್ಲಿ ಐದರ ಮಿತಿ ಜಗತ್ತಿಗೇ ಅನ್ವಯವಾಯಿತು. ಕೋವಿಡ್ ವದಂತಿಗಳ ನಡುವೆ, 2020ರ ಏಪ್ರಿಲ್‌ನಲ್ಲಿ, ಆಗಲೇ ಹಲವು ಕೈ ದಾಟಿ ಬಂದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಚಾಟ್‌ಗೆ ಕಳಿಸಬಹುದು ಎಂದು ಬಿಗಿ ಮಾಡಲಾಯಿತು. ಅಂಥ ಸಂದೇಶಗಳ ಹರಿದಾಟ ಶೇ 70ರಷ್ಟು ಇಳಿಯಿತೆಂದು ಕಂಪನಿಯೇ ಅದೇ ತಿಂಗಳು ಹೇಳಿತು.

ಇದರಲ್ಲಿ ಎರಡು ಪಾಠಗಳಿವೆ. ವಾಟ್ಸ್‌ಆ್ಯಪ್ ಸಂದೇಶಗಳು ಕಳಿಸಿದವರಿಗೂ ಪಡೆದವರಿಗೂ ಮಾತ್ರ ಓದಲು ಸಿಗುವಂತೆ ಗೂಢಲಿಪಿಯಲ್ಲಿರುತ್ತವೆ. ಹಾಗಾಗಿ ಕಂಪನಿ ಯಾರ ಮಾತನ್ನೂ ಓದಲಿಲ್ಲ, ಯಾವ ಸಂದೇಶವನ್ನೂ ಅಳಿಸಲಿಲ್ಲ. ಬರೀ ಓಟದ ವೇಗ ತಗ್ಗಿಸಿತು. ಸುರಕ್ಷತೆ ಬೇಕಾದರೆ ಖಾಸಗಿತನ ಬಿಟ್ಟುಕೊಡಬೇಕು ಎಂದು ವಾದಿಸುವವರು ಈ ಉದಾಹರಣೆಯ ಮುಂದೆ ನಿಂತು ಯೋಚಿಸಬೇಕು. ಜನರ ಪತ್ರ ಒಡೆದು ಓದದೆಯೂ ಅಪಾಯ ತಗ್ಗಿಸುವ ದಾರಿಗಳಿವೆ. ಎರಡನೆಯದು, ಹೇಳಲೇಬೇಕಾದ ಕಟು ಮಾತು: ಐದರ ಮಿತಿ ಹಾಕಲು ಹೊಸ ತಂತ್ರಜ್ಞಾನವೇನೂ ಬೇಕಿರಲಿಲ್ಲ. ಅದು ಒಂದು ಅಂಕಿಯನ್ನು ಬದಲಿಸುವ ತೀರ್ಮಾನ. ಹೊಡೆದು ಕೊಂದ ಸುದ್ದಿಗಳು ರಾಜ್ಯದಿಂದ ರಾಜ್ಯಕ್ಕೆ ಬರುವ ಮೊದಲೇ ಅದನ್ನು ಮಾಡಬಹುದಿತ್ತು.

ಯಾಕೆ ಮಾಡುವುದಿಲ್ಲ? ಬಹುತೇಕ ವೇದಿಕೆಗಳ ಆದಾಯ ನಿಂತಿರುವುದು ಜನ ಎಷ್ಟು ಹೊತ್ತು ಅಲ್ಲಿರುತ್ತಾರೆ, ಎಷ್ಟು ಸಲ ಒತ್ತುತ್ತಾರೆ, ಎಷ್ಟು ಬೇಗ ಕೊಳ್ಳುತ್ತಾರೆ ಎಂಬುದರ ಮೇಲೆ. ಪ್ರತಿ ತಡೆಯೂ ಆ ಲೆಕ್ಕದಲ್ಲಿ ನಷ್ಟವಾಗಿ ಕಾಣುತ್ತದೆ. ಪುಟದ ಕೊನೆ ಬಂದಾಗ ಓದುಗ ಎದ್ದು ಹೋಗುತ್ತಾನೆಂದರೆ ಪುಟಕ್ಕೆ ಕೊನೆಯೇ ಇಲ್ಲದಂತೆ ಮಾಡುವುದು ಲಾಭದ ಉಪಾಯ. ಬೆರಳು ಎಳೆದಷ್ಟೂ ಮುಗಿಯದ ಇಂಥ ಪುಟವನ್ನು 2006ರಲ್ಲಿ ರೂಪಿಸಿದ ಅಮೆರಿಕದ ವಿನ್ಯಾಸಕಾರ ಏಜಾ ರಾಸ್ಕಿನ್, ಅದು ಜನರ ಸಮಯ ತಿನ್ನುತ್ತಿರುವುದನ್ನು ಕಂಡು ಮುಂದೆ ಬಹಿರಂಗವಾಗಿಯೇ ಪಶ್ಚಾತ್ತಾಪ ಪಟ್ಟರು. ರಾತ್ರಿ ಹನ್ನೆರಡಾದರೂ ಮಕ್ಕಳು ರೀಲ್ಸ್ ಬಿಡುತ್ತಿಲ್ಲ ಎಂದು ಬೈಯುವ ಮನೆಗಳಲ್ಲಿ ಮಕ್ಕಳ ಸಂಕಲ್ಪಬಲವಷ್ಟೇ ಚರ್ಚೆಗೆ ಬರುತ್ತದೆ. ಎದುರಿಗಿರುವುದು ಬಿಡದಂತೆ ಮಾಡಲೆಂದೇ ರೂಪಿಸಿ, ಅಳೆದು, ತಿದ್ದಿ ತೀಡಿದ ಪರದೆ ಎಂಬುದೂ ಚರ್ಚೆಗೆ ಬರಬೇಕು.

ಇದು ಇನ್ನೊಂದು ಹೆಜ್ಜೆ ಮುಂದೆ ಹೋದರೆ ವಿನ್ಯಾಸವೇ ಬಳಕೆದಾರನ ವಿರುದ್ಧ ತಿರುಗುತ್ತದೆ. ಬ್ರಿಟನ್ನಿನ ಹ್ಯಾರಿ ಬ್ರಿಗ್ನಲ್ 2010ರಲ್ಲಿ ಇದಕ್ಕೆ ‘ಡಾರ್ಕ್ ಪ್ಯಾಟರ್ನ್’ ಎಂದು ಹೆಸರಿಟ್ಟರು. ಹೆಸರು ಹೊಸದೆನಿಸಿದರೂ ಅನುಭವ ಎಲ್ಲರದ್ದೂ. ಬಸ್ ಟಿಕೆಟ್ ಮಾಡುವಾಗ ನೀವು ಕೇಳದ ವಿಮೆಗೆ ಆಗಲೇ ಟಿಕ್ ಬಿದ್ದಿರುತ್ತದೆ. ಬೇಡವೆಂದರೆ ‘ನನ್ನ ಪ್ರಯಾಣ ಅಪಾಯದಲ್ಲಿದ್ದರೂ ಪರವಾಗಿಲ್ಲ’ ಎಂದು ನಿಮ್ಮ ಬಾಯಲ್ಲೇ ಹೇಳಿಸುವ ಬಟನ್ ಒತ್ತಬೇಕು. ‘ಇನ್ನು ಒಂದೇ ಕೋಣೆ ಉಳಿದಿದೆ’ ಎಂದು ಕೆಂಪಕ್ಷರ ಗಡಿಬಿಡಿ ಮಾಡುತ್ತದೆ. ಮೊದಲ ಪುಟದಲ್ಲಿ ಕಂಡ ಬೆಲೆಗೆ ಕೊನೆಯ ಪುಟದಲ್ಲಿ ಆ ಶುಲ್ಕ ಈ ಶುಲ್ಕ ಸೇರಿರುತ್ತದೆ. ಚಂದಾದಾರರಾಗಲು ಒಂದು ಒತ್ತು ಸಾಕು, ಬಿಡಬೇಕೆಂದರೆ ಆ ಬಟನ್ ಎಲ್ಲಿದೆ ಎಂದು ಹುಡುಕಿ ಸುಸ್ತಾಗಬೇಕು.

ಭಾರತದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಇಂಥ 13 ಬಗೆಗಳನ್ನು ಪಟ್ಟಿ ಮಾಡಿ, ಅವನ್ನು ಬಳಸಕೂಡದೆಂದು ಮಾರ್ಗಸೂಚಿ ಹೊರಡಿಸಿತು. 2025ರ ಜೂನ್‌ನಲ್ಲಿ ಇ-ವಾಣಿಜ್ಯ ಕಂಪನಿಗಳಿಗೆ ಮೂರು ತಿಂಗಳೊಳಗೆ ತಮ್ಮ ಪರದೆಗಳನ್ನು ತಾವೇ ತಪಾಸಣೆ ಮಾಡಿಕೊಳ್ಳಲು ಸೂಚಿಸಿತು. ಅಮೆರಿಕದಲ್ಲಿ ಇದಕ್ಕೆ ಒಂದು ಕಂಪನಿ ದೊಡ್ಡ ಬೆಲೆಯನ್ನೇ ತೆರಬೇಕಾಯಿತು. ಅಮೆಜಾನ್ ಕಂಪನಿ ತನ್ನ ‘ಪ್ರೈಮ್’ ಚಂದಾಕ್ಕೆ ಗ್ರಾಹಕರನ್ನು ಅವರ ಸ್ಪಷ್ಟ ಒಪ್ಪಿಗೆ ಇಲ್ಲದೆ ಸೇರಿಸಿ, ಬಿಡುವುದನ್ನು ಕಷ್ಟವಾಗಿಸಿತು ಎಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಮೊಕದ್ದಮೆ ಹೂಡಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಕಂಪನಿ 250 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅದರಲ್ಲಿ 150 ಕೋಟಿ ಗ್ರಾಹಕರಿಗೆ ಮರಳಿಸಲು. ರಾಜಿಯ ಷರತ್ತುಗಳಲ್ಲಿ ‘ಪ್ರೈಮ್ ಬೇಡ’ ಎನ್ನಲು ಸ್ಪಷ್ಟವಾದ ಬಟನ್ ಇರಬೇಕು ಎಂಬುದೂ ಸೇರಿದೆ. ಒಂದು ಬಟನ್ ಎಲ್ಲಿರಬೇಕು, ಅದರ ಮೇಲೆ ಏನು ಬರೆದಿರಬೇಕು ಎಂಬುದು ನ್ಯಾಯಾಲಯದ ವಿಷಯವಾದದ್ದು ಒಳ್ಳೆಯದೇ. ಕೋಟ್ಯಂತರ ಜನರ ಹಣ ಆ ಬಟನ್ ಮೇಲೆ ನಿಂತಿದ್ದರೆ ಅದು ಬರೀ ಅಲಂಕಾರದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಇನ್ನು ನಡೆಸುವವರ ಹೊಣೆ. ಪರದೆ ಎಷ್ಟು ಚೆನ್ನಾಗಿದ್ದರೂ ತಪ್ಪುಗಳಾಗುತ್ತವೆ. ಆಗ ಯಾರನ್ನು ಕೇಳಬೇಕು, ಅವರು ಮನುಷ್ಯರೇ, ಅವರಿಗೆ ನಮ್ಮ ಭಾಷೆ ಬರುತ್ತದೆಯೇ ಎಂಬ ಪ್ರಶ್ನೆಗಳಲ್ಲಿ ವೇದಿಕೆಯ ನಿಜವಾದ ಗುಣ ಗೊತ್ತಾಗುತ್ತದೆ. ಇದರ ಬಿಸಿ ಹೆಚ್ಚು ತಟ್ಟಿರುವುದು ಊಟ, ಪಾರ್ಸೆಲ್ ತಲುಪಿಸುವ, ಕ್ಯಾಬ್ ಓಡಿಸುವ ಗಿಗ್ ಕಾರ್ಮಿಕರಿಗೆ. ಅವರ ಬಾಯಲ್ಲಿ ‘ಐಡಿ ಬ್ಲಾಕ್ ಆಯ್ತು’ ಎಂಬ ಮಾತು ಕೇಳಿರುತ್ತೀರಿ. ಬೆಳಿಗ್ಗೆ ಆ್ಯಪ್ ತೆರೆದರೆ ಕೆಲಸವಿಲ್ಲ, ಕಾರಣ ಹೇಳುವವರಿಲ್ಲ, ಕರೆ ಮಾಡಿದರೆ ಮೊದಲೇ ದಾಖಲಿಸಿದ ಧ್ವನಿ. ತೀರ್ಮಾನ ಮಾಡಿದ್ದು ಒಂದು ಲೆಕ್ಕಾಚಾರದ ಸೂತ್ರ, ಅದರಿಂದ ಉಪವಾಸ ಬೀಳುವುದು ಒಂದು ಸಂಸಾರ.

ಈ ವಿಷಯದಲ್ಲಿ ಕರ್ನಾಟಕ ಹೆಮ್ಮೆಪಡುವ ಕೆಲಸ ಮಾಡಿದೆ. ಗಿಗ್ ಕಾರ್ಮಿಕರಿಗಾಗಿ 2023ರಲ್ಲಿ ರಾಜಸ್ಥಾನ ಮೊದಲ ಕಾನೂನು ತಂದಿತ್ತು. 2025ರಲ್ಲಿ ಕರ್ನಾಟಕ ಮೊದಲು ಸುಗ್ರೀವಾಜ್ಞೆ, ಆಮೇಲೆ ಕಾಯ್ದೆ ತಂದಿತು. ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಕೊಡುವ ಮೊತ್ತದ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಗಳಿಂದ ಪಡೆಯಲು ಅದು ಅವಕಾಶ ಕೊಡುತ್ತದೆ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡದು ಬೇರೆ ಎರಡು ಅಂಶ. ಕೆಲಸ ಹಂಚುವ, ದರ ಮತ್ತು ರೇಟಿಂಗ್ ನಿರ್ಧರಿಸುವ ಸ್ವಯಂಚಾಲಿತ ವ್ಯವಸ್ಥೆ ಹೇಗೆ ನಡೆಯುತ್ತದೆ ಎಂಬುದನ್ನು ಕಾರ್ಮಿಕರಿಗೆ ತಿಳಿಸಬೇಕು. ಕೆಲಸದಿಂದ ತೆಗೆಯುವ ಮುನ್ನ ಲಿಖಿತ ಕಾರಣದೊಂದಿಗೆ 14 ದಿನಗಳ ಸೂಚನೆ ಕೊಡಬೇಕು. ಸೂತ್ರದ ಹಿಂದೆ ಅವಿತುಕೊಳ್ಳುವ ಅಧಿಕಾರವನ್ನು ಕಾರಣ ಹೇಳಲು ನಿಲ್ಲಿಸಿದ ಕಾನೂನು ಇದು. ಕಾಗದದ ಮೇಲಿನ ಈ ಮಾತು ಕಾರ್ಮಿಕನ ಆ್ಯಪ್‌ನಲ್ಲಿ ಕನ್ನಡದಲ್ಲಿ ಕಾಣುವವರೆಗೂ ಸರ್ಕಾರ ಬೆನ್ನು ಹತ್ತಬೇಕು.

ಭಾಷೆಯ ಮಾತು ಬಂದಿದ್ದರಿಂದ ಒಂದು ಹಕ್ಕನ್ನು ಇಲ್ಲಿ ನೆನಪಿಸಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ನಿಮ್ಮ ಮಾಹಿತಿ ಪಡೆಯಲು ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ನಿಮಗಿರಬೇಕು. ಕನ್ನಡ ಆ ಪಟ್ಟಿಯಲ್ಲಿದೆ. 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಪ್ರಕಟವಾಗಿದ್ದು, ಹಂತ ಹಂತವಾಗಿ ಜಾರಿಗೆ ಬರುವಂತೆ ನಿಗದಿಯಾಗಿವೆ. ಅರ್ಥವಾಗದ ಭಾಷೆಯಲ್ಲಿ ‘ಐ ಅಗ್ರೀ’ ಒತ್ತಿಸಿಕೊಂಡದ್ದು ಒಪ್ಪಿಗೆ ಎನಿಸಿಕೊಳ್ಳಬಾರದು. ಕನ್ನಡ ಸಂಘಟನೆಗಳು ಅಂಗಡಿಯ ನಾಮಫಲಕಕ್ಕೆ ತೋರುವ ಕಾಳಜಿಯನ್ನು ಈ ಒಪ್ಪಿಗೆಯ ಪುಟಕ್ಕೂ, ಬ್ಯಾಂಕ್ ಆ್ಯಪ್‌ಗಳ ಎಚ್ಚರಿಕೆಯ ಸಾಲಿಗೂ ತೋರಲಿ ಎಂದು ಕೈಮುಗಿದು ಕೇಳುತ್ತೇನೆ. ಹಣ ಹೋಗುವ ಕ್ಷಣದಲ್ಲಿ ಕಾಣುವ ಒಂದು ಕನ್ನಡ ವಾಕ್ಯ ಒಂದು ಕುಟುಂಬವನ್ನು ಉಳಿಸಬಲ್ಲದು.

ಈಗ ನಮ್ಮ ಪಾಲಿಗೆ ಬರೋಣ. ಸಣ್ಣ ಪ್ರಮಾಣದಲ್ಲಿ ನಮ್ಮಲ್ಲಿ ಅನೇಕರು ವೇದಿಕೆ ನಡೆಸುವವರೇ. ಅಪಾರ್ಟ್‌ಮೆಂಟಿನ ಗುಂಪು, ಶಾಲಾ ಪೋಷಕರ ಗುಂಪು, ದೇವಸ್ಥಾನ ಸಮಿತಿಯ ಗುಂಪು, ಹಾಲಿನ ಸೊಸೈಟಿಯ ಗುಂಪು, ಇವಕ್ಕೆಲ್ಲ ಒಬ್ಬ ಅಡ್ಮಿನ್ ಇರುತ್ತಾರೆ. ಅಡ್ಮಿನ್ ಮಾತ್ರ ಸಂದೇಶ ಹಾಕುವಂತೆ ಗುಂಪನ್ನು ಸ್ವಲ್ಪ ಹೊತ್ತು ಮುಚ್ಚುವ, ಸದಸ್ಯರ ಸಂದೇಶವನ್ನು ಯಾರಿಗೂ ಕಾಣದಂತೆ ಅಳಿಸುವ ಅಧಿಕಾರ ಅವರಿಗಿದೆ. ಊರಲ್ಲಿ ಗಲಾಟೆಯಾದ ದಿನ, ಮಗು ಕಾಣೆಯಾದ ಸುದ್ದಿ ಬಂದ ದಿನ, ಆ ಅಧಿಕಾರವನ್ನು ಧೈರ್ಯವಾಗಿ ಬಳಸಬೇಕು. ‘ಯಾರಿಗಾದರೂ ಬೇಜಾರಾದೀತು’ ಎಂದು ಸುಮ್ಮನಿರುವುದು ದಾಕ್ಷಿಣ್ಯ. ಅಂಥ ದಾಕ್ಷಿಣ್ಯಕ್ಕೆ ಬೇರೆಯವರ ಮಗ ಬೆಲೆ ತೆರಬಾರದು. ಸದಸ್ಯರಾದ ನಮಗೂ ನಿಯಮ ಸರಳ. ಭಯ ಅಥವಾ ಸಿಟ್ಟು ಉಕ್ಕಿಸುವ ಸಂದೇಶ ಬಂದಾಗ, ಯಾವ ಊರು, ಯಾವ ದಿನ, ಹೇಳಿದವರು ಯಾರು ಎಂಬ ಮೂರಕ್ಕೆ ಉತ್ತರ ಸಿಗದಿದ್ದರೆ ಅದು ನಮ್ಮಲ್ಲೇ ನಿಲ್ಲಲಿ.

ಹಣದ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಬದಲಾಗಬೇಕಾದದ್ದು ಮೊದಲ ಪ್ರತಿಕ್ರಿಯೆ. ವಂಚನೆಯಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ, ಹಣ ಒಂದು ಖಾತೆಯಿಂದ ಮತ್ತೊಂದಕ್ಕೆ ಜಾರುವ ಮೊದಲೇ ತಡೆಹಿಡಿಯುವ ಅವಕಾಶವಿರುತ್ತದೆ. ಮೊದಲ ಗಂಟೆಗೆ ಅಷ್ಟು ಬೆಲೆ. ಜಿಲ್ಲೆಗಳಲ್ಲಿ ಸೈಬರ್ ಅಪರಾಧ ಠಾಣೆಗಳೂ ಇವೆ. ಆದರೆ ಆ ಗಂಟೆಯನ್ನು ಎಷ್ಟೋ ಜನ ನಾಚಿಕೆಯಲ್ಲಿ ಕಳೆಯುತ್ತಾರೆ. ಮಗನಿಗೆ ಹೇಳಿದರೆ ಬೈಯುತ್ತಾನೆ, ಸೊಸೆಯ ಮುಂದೆ ಮರ್ಯಾದೆ ಹೋಗುತ್ತದೆ, ಇನ್ನು ಮೊಬೈಲೇ ಕಿತ್ತುಕೊಳ್ಳುತ್ತಾರೆ ಎಂದು ವಯಸ್ಸಾದ ಅಪ್ಪಂದಿರು ಎರಡು ದಿನ ಊಟ ಬಿಟ್ಟು ಕೂರುತ್ತಾರೆ. ‘ಇಷ್ಟು ಹೇಳಿದರೂ ಗೊತ್ತಾಗಲ್ವಾ’ ಎಂಬ ನಮ್ಮ ಬೈಗುಳ ವಂಚಕನಿಗೆ ಕೊಡುವ ಕಾಲಾವಕಾಶ. ಒಂದೇ ಬಗೆಯ ಮೋಸಕ್ಕೆ ಸಾವಿರಾರು ಜನ ಬಿದ್ದರೆ ಅಷ್ಟೂ ಜನ ದಡ್ಡರಿರಲು ಸಾಧ್ಯವಿಲ್ಲ. ಅವರೆಲ್ಲ ನಡೆದ ದಾರಿಯಲ್ಲೇ ಹಳ್ಳವಿದೆ. ‘ಏನೇ ಆದರೂ ಮೊದಲು ನನಗೆ ಹೇಳಿ, ನಾನು ಬೈಯಲ್ಲ’ ಎಂದು ಮನೆಯ ಹಿರಿಯರಿಗೆ ಇವತ್ತೇ ಮಾತು ಕೊಡಿ.

ಬೆಂಗಳೂರು ಈ ದೇಶದ ಅನೇಕ ಆ್ಯಪ್‌ಗಳು ಹುಟ್ಟುವ ಊರು. ಅವನ್ನು ರೂಪಿಸುವ ಎಂಜಿನಿಯರ್‌ಗಳಲ್ಲಿ ಈ ಅಂಕಣ ಓದುವ ಕನ್ನಡದ ಮಕ್ಕಳೂ ಇದ್ದಾರೆ. ಅವರಲ್ಲಿ ಒಂದು ಕೋರಿಕೆ. ಹೊಸ ಸೌಲಭ್ಯವನ್ನು ಜನರ ಕೈಗೆ ಕೊಡುವ ಮುನ್ನ ‘ಇದು ಎಷ್ಟು ಜನರಿಗೆ ಇಷ್ಟವಾಗುತ್ತದೆ’ ಎಂಬ ಪ್ರಶ್ನೆಯ ಜೊತೆ ‘ಕೆಟ್ಟ ಉದ್ದೇಶದವನು ಇದನ್ನು ಹಿಡಿದರೆ ಮೊದಲು ಏನು ಮಾಡುತ್ತಾನೆ’ ಎಂಬುದನ್ನೂ ಸಭೆಯಲ್ಲಿ ಗಟ್ಟಿಯಾಗಿ ಕೇಳಿ. ಕಂಪನಿಗಳು ವರ್ಷಕ್ಕೊಮ್ಮೆ ಲಾಭನಷ್ಟ ಪ್ರಕಟಿಸುವಂತೆಯೇ, ಯಾವ ಬಗೆಯ ದೂರುಗಳು ಹೆಚ್ಚು ಬಂದವು, ಅವಕ್ಕಾಗಿ ಯಾವ ಪರದೆಯನ್ನು ಹೇಗೆ ಬದಲಿಸಿದೆವು ಎಂಬುದನ್ನೂ ಪ್ರಕಟಿಸಬೇಕು. ಸರ್ಕಾರ ಅದನ್ನು ಕಡ್ಡಾಯ ಮಾಡಬೇಕು. ‘ನಾವು ಎಚ್ಚರಿಕೆ ಕೊಟ್ಟಿದ್ದೆವು’ ಎಂಬ ಉತ್ತರ ಸಾಕೆಂದು ಒಪ್ಪಿಕೊಳ್ಳುವುದನ್ನು ನಿಯಂತ್ರಕರು ನಿಲ್ಲಿಸಬೇಕು.

ಓದುಗರು ಮಾಡಬಹುದಾದ ಒಂದು ಕೆಲಸ ಉಳಿದಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕಾಗಲಿ, ಕಂಪನಿಯ ಕುಂದುಕೊರತೆ ಅಧಿಕಾರಿಗಾಗಲಿ, ಪೊಲೀಸರಿಗಾಗಲಿ ದೂರು ಕೊಡುವಾಗ ಎಷ್ಟು ಹಣ ಹೋಯಿತು ಎಂದಷ್ಟೇ ಬರೆದು ನಿಲ್ಲಿಸಬೇಡಿ. ಯಾವ ಪರದೆಯಲ್ಲಿ ಏನು ಬರೆದಿತ್ತು, ಅದನ್ನು ನೀವು ಏನೆಂದು ತಿಳಿದು ಒತ್ತಿದಿರಿ, ಯಾವ ಬಟನ್ ಹುಡುಕಿದರೂ ಸಿಗಲಿಲ್ಲ ಎಂಬುದನ್ನು ಸ್ಕ್ರೀನ್‌ಶಾಟ್ ಸಮೇತ ಬರೆಯಿರಿ. ಒಂದೇ ಪರದೆಯ ಮೇಲೆ ನೂರು ಜನ ಹೀಗೆ ಬರೆದರೆ ಅದು ನೂರು ಜನರ ಅಜಾಗರೂಕತೆಯ ಪಟ್ಟಿಯಾಗಿ ಉಳಿಯುವುದಿಲ್ಲ, ಆ ಪರದೆಯ ವಿರುದ್ಧದ ಸಾಕ್ಷ್ಯವಾಗುತ್ತದೆ. ಬದಲಿಸುವ ಅಧಿಕಾರ ಇರುವವರ ಮೇಜಿನ ಮೇಲೆ ಆ ಸಾಕ್ಷ್ಯವನ್ನು ಇಡುವುದೂ ಜವಾಬ್ದಾರಿಯುತ ಬಳಕೆಯೇ.